ನೆಲ ಮುಟ್ಟಿದ ಮೇಲೆ ದಿಕ್ಕು ತಪ್ಪಿದ ಸಣ್ಣ ವಿಮಾನ: ಕಾರಣ ಹುಡುಕುವ ಬಗೆ

ವಿಮಾನ ರನ್‌ವೇ ಪಕ್ಕದ ಹುಲ್ಲಿನಲ್ಲಿ ಓರೆಯಾಗಿ ನಿಂತಿದೆ. ಒಳಗಿದ್ದವರು ಸುಖವಾಗಿ ಇಳಿದಿದ್ದಾರೆ. ಪ್ರೊಪೆಲ್ಲರ್ ತುದಿ ಬಾಗಿದೆ, ಒಂದು ರೆಕ್ಕೆಯ ತುದಿ ನೆಲಕ್ಕೆ ಉಜ್ಜಿದೆ. ಇಷ್ಟರಲ್ಲೇ ಎರಡು ತೀರ್ಪು ಬಂದುಬಿಟ್ಟಿರುತ್ತವೆ. "ಬ್ರೇಕ್ ಹಿಡಿದುಕೊಂಡುಬಿಟ್ಟಿತು" ಅನ್ನುತ್ತಾರೆ ಪೈಲಟ್. "ಅಡ್ಡಗಾಳಿ ಸಂಭಾಳಿಸೋಕೆ ಆಗಲಿಲ್ಲ" ಅನ್ನುತ್ತಾರೆ ದೂರದಿಂದ ನೋಡಿದವರು. ಇಬ್ಬರ ಮಾತೂ ನಿಜ ಇರಬಹುದು. ಇಬ್ಬರ ಮಾತೂ ತಪ್ಪಿರಬಹುದು.

ಇಂಥ ಅಪಘಾತದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ "ಯಾಕೆ ತಿರುಗಿತು" ಅಂತ ಅಲ್ಲ. "ಯಾವಾಗ ತಿರುಗಿತು" ಅಂತ. ಹಿಂದಿನ ಎರಡು ಮುಖ್ಯ ಚಕ್ರ ನೆಲ ಸೋಕಿದ ಕೂಡಲೇ ತಿರುಗಿತಾ? ಮುಂದಿನ ಚಕ್ರ ಇಳಿದಾಗಲಾ? ಬ್ರೇಕ್ ಒತ್ತಿದಾಗಲಾ? ವೇಗ ಅರ್ಧಕ್ಕೆ ಇಳಿದ ಮೇಲಾ? ಎಂಜಿನ್ ಶಕ್ತಿ ಹೆಚ್ಚಿಸಲು ಥ್ರಾಟಲ್ ತಳ್ಳಿದಾಗಲಾ? ಒಂದೊಂದು ಗಳಿಗೆಗೂ ಅದರದೇ ಆದ ಶಂಕಿತರಿದ್ದಾರೆ. ಗಳಿಗೆ ಗೊತ್ತಾದರೆ ಹುಡುಕುವ ಜಾಗ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದು ಗೊತ್ತಿಲ್ಲದೆ ಸ್ಪ್ಯಾನರ್ ಹಿಡಿದು ಕೂತರೆ ಬ್ರೇಕ್ ಬಿಚ್ಚಿ, ಟೈರ್ ಬದಲಿಸಿ, ಕೊನೆಗೆ "ದೋಷ ಸಿಗಲಿಲ್ಲ" ಅಂತ ಬರೆದು ಅದೇ ವಿಮಾನವನ್ನು ಮತ್ತೊಬ್ಬ ವಿದ್ಯಾರ್ಥಿಯ ಕೈಗೆ ಕೊಡುತ್ತೇವೆ. ನನಗೆ ಭಯ ಹುಟ್ಟಿಸುವುದು ಇದೇ.

ಉದಾಹರಣೆಗೆ ಇಲ್ಲಿ ಹೆಚ್ಚಾಗಿ ಸೆಸ್ನಾ 172 ವಿಮಾನವನ್ನೇ ತೆಗೆದುಕೊಳ್ಳುತ್ತೇನೆ. ತರಬೇತಿ ಶಾಲೆಗಳಲ್ಲಿ ಎಲ್ಲರೂ ನೋಡಿರುವ ವಿಮಾನ ಅದು. ಬೇರೆ ವಿಮಾನಗಳಲ್ಲಿ ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲಿ ಹೇಳುತ್ತೇನೆ. ಅಳತೆ, ಒತ್ತಡ, ಮಿತಿ ಎಲ್ಲಕ್ಕೂ ನಿಮ್ಮ ವಿಮಾನದ ಕೈಪಿಡಿಯದೇ ಕೊನೆಯ ಮಾತು.

ಎಳೆಯುವ ಮೊದಲು

ಜನ ಸುರಕ್ಷಿತ, ಮಿಕ್ಸ್ಚರ್ (ಎಂಜಿನ್‌ಗೆ ಇಂಧನ ಬಿಡುವ ಹಿಡಿ) ಕಟ್, ಮ್ಯಾಗ್ನೆಟೊ (ಎಂಜಿನ್‌ಗೆ ಕಿಡಿ ಕೊಡುವ ಸಾಧನ) ಆಫ್, ಇಂಧನ ವಾಲ್ವ್ ಬಂದ್, ಮಾಸ್ಟರ್ ಸ್ವಿಚ್ ಆಫ್. ಇಷ್ಟಾದ ಮೇಲೆ ಕೈ ಕಟ್ಟಿ ನಿಲ್ಲಿ. ಭಾರತದಲ್ಲಿ ಅಪಘಾತಕ್ಕೀಡಾದ ವಿಮಾನವನ್ನು ಅನುಮತಿ ಇಲ್ಲದೆ ಸರಿಸುವಂತಿಲ್ಲ. ಒಳಗಿರುವವರನ್ನು ಹೊರತೆಗೆಯುವುದು, ಬೆಂಕಿಯಿಂದ ಉಳಿಸುವುದು, ಅಪಾಯ ತಪ್ಪಿಸುವುದು, ಇಂಥ ಕಾರಣಗಳಿಗೆ ಮಾತ್ರ ವಿನಾಯಿತಿ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೂ (ಡಿಜಿಸಿಎ) ವಿಮಾನ ಅಪಘಾತ ತನಿಖಾ ಬ್ಯೂರೊಗೂ ಸುದ್ದಿ ಹೋಗಬೇಕು. ಈ ನಿಯಮ ಬರೀ ಕಾಗದಪತ್ರದ ಕಾಟ ಅಲ್ಲ. ಟ್ರಾಕ್ಟರ್ ಕಟ್ಟಿ ವಿಮಾನವನ್ನು ಹತ್ತು ಮೀಟರ್ ಎಳೆದರೂ ಸಾಕು, ಚಕ್ರ ಬಿಗಿಯಾಗಿತ್ತಾ ಸಡಿಲವಾಗಿತ್ತಾ ಅನ್ನುವ ಸಾಕ್ಷಿ ಅಳಿಸಿಹೋಗುತ್ತದೆ.

ಅನುಮತಿ ಬರುವವರೆಗೆ ಫೋಟೊ ತೆಗೆಯಿರಿ. ಕಾಕ್‌ಪಿಟ್ ಒಳಗೆ ಥ್ರಾಟಲ್ ಎಲ್ಲಿದೆ, ಫ್ಲಾಪ್ (ಇಳಿಯುವಾಗ ರೆಕ್ಕೆಯ ಹಿಂದೆ ಇಳಿಬಿಡುವ ಹಲಗೆ) ಲಿವರ್ ಎಷ್ಟರಲ್ಲಿದೆ, ಟ್ರಿಮ್ ಎಲ್ಲಿದೆ, ಪಾರ್ಕಿಂಗ್ ಬ್ರೇಕ್ ಹಿಡಿ ಒಳಗಿದೆಯಾ ಹೊರಗಿದೆಯಾ. ಪೆಡಲ್ ಹತ್ತಿರ ನೀರಿನ ಬಾಟಲಿ, ಹೆಡ್‌ಸೆಟ್ ವೈರ್, ಮಡಚಿಕೊಂಡ ನೆಲಹಾಸು ಇದೆಯಾ ನೋಡಿ. ಚಕ್ರಗಳ ಫೋಟೊವನ್ನು ನಾಲ್ಕೂ ಕಡೆಯಿಂದ ತೆಗೆಯಿರಿ. ಆಮೇಲೆ ರನ್‌ವೇ ಮೇಲೆ ಅನುಮತಿ ಪಡೆದು ನಡೆಯಿರಿ. ವಿಮಾನ ನಿಂತ ಜಾಗದಿಂದ ಶುರುಮಾಡಿ ಹಿಂದಕ್ಕೆ, ಮೊದಲು ನೆಲ ಸೋಕಿದ ಗುರುತು ಸಿಗುವವರೆಗೆ. ಬೇರೆ ವಿಮಾನ ಇಳಿದರೆ ಅಥವಾ ಮಳೆ ಬಂದರೆ ಈ ಗುರುತು ಉಳಿಯಲ್ಲ. ಆದ್ದರಿಂದ ಎಲ್ಲಕ್ಕಿಂತ ಮೊದಲ ಕೆಲಸ ಇದು.

ನೆಲದ ಗುರುತು ಓದುವುದು

ಮೂರು ಚಕ್ರ, ಮೂರು ಗೆರೆ. ಯಾವುದು ಎಲ್ಲಿ ಶುರುವಾಯಿತು, ಎಲ್ಲಿ ದಪ್ಪವಾಯಿತು, ಎಲ್ಲಿ ಮಾಯವಾಯಿತು ಅನ್ನುವುದನ್ನು ಹಾಳೆ ಮೇಲೆ ಅಳತೆ ಹಾಕಿ ಬರೆಯಿರಿ.

ಒಂದು ಬದಿಯ ಗೆರೆ ಮಾತ್ರ ಮೊದಲ ಸ್ಪರ್ಶದಿಂದಲೇ ಕಡುಕಪ್ಪಾಗಿ, ಎಡೆಬಿಡದೆ ಹರಿದಿದ್ದರೆ ಆ ಚಕ್ರ ಉರುಳಿಲ್ಲ, ಜಾರಿದೆ. ಆ ಟೈರ್ ಮೇಲೆ ಒಂದೇ ಜಾಗದಲ್ಲಿ ಚಪ್ಪಟೆಯಾಗಿ ಸವೆದ ಗುರುತು ಸಿಗಬೇಕು. ಸಿಕ್ಕರೆ ಬ್ರೇಕ್ ಕಡೆ ಹೋಗಿ. ಗೆರೆಯೊಳಗೆ ಸಣ್ಣ ಸಣ್ಣ ಓರೆ ಗೀರುಗಳಿದ್ದರೆ ಚಕ್ರ ಉರುಳುತ್ತಲೇ ಪಕ್ಕಕ್ಕೂ ಉಜ್ಜಿಕೊಂಡು ಹೋಗಿದೆ. ಅಂದರೆ ವಿಮಾನದ ಮೂತಿ ಒಂದು ಕಡೆ, ಅದು ಹೋಗುತ್ತಿದ್ದ ದಾರಿ ಇನ್ನೊಂದು ಕಡೆ. ಮುಂದಿನ ಚಕ್ರದ ಗೆರೆ ಗಾಢವಾಗಿದ್ದು ಹಿಂದಿನವು ತೆಳುವಾಗಿದ್ದರೆ ತೂಕವೆಲ್ಲ ಮೂತಿಯ ಮೇಲೆ ಬಿದ್ದಿತ್ತು. ಗೆರೆ ತುಂಡು ತುಂಡಾಗಿದ್ದರೆ ಪುಟಿದಿದೆ. ಒದ್ದೆ ಕಾಂಕ್ರೀಟ್ ಮೇಲೆ ಕಪ್ಪಿನ ಬದಲು ತೊಳೆದಂತೆ ಬಿಳಿಯಾದ ಪಟ್ಟಿ ಕಂಡರೆ ಬಿಗಿದ ಟೈರ್ ಅಡಿಯಲ್ಲಿ ನೀರು ಆವಿಯಾಗಿದೆ.

ಮುಳ್ಳಿನ ಗಡಿಯಾರಗಳ ಬದಲು ಕಂಪ್ಯೂಟರ್ ಪರದೆ ಇರುವ ವಿಮಾನವಾಗಿದ್ದರೆ ಇನ್ನೊಂದು ಅನುಕೂಲ ಇದೆ. ಗಾರ್ಮಿನ್ ಜಿ1000 ಇರುವ 172ರಲ್ಲಿ ಎಸ್‌ಡಿ ಕಾರ್ಡ್ ಹಾಕಿಟ್ಟಿದ್ದರೆ ಸೆಕೆಂಡಿಗೊಮ್ಮೆ ವೇಗ, ಮೂತಿಯ ದಿಕ್ಕು, ನೆಲದ ಮೇಲಿನ ದಾರಿಯ ದಿಕ್ಕು, ಪಕ್ಕಕ್ಕೆ ಎಳೆತ, ಎಂಜಿನ್ ಆರ್‌ಪಿಎಂ ಎಲ್ಲ ದಾಖಲಾಗುತ್ತದೆ. ಮೂತಿಯ ದಿಕ್ಕಿನಿಂದ ದಾರಿಯ ದಿಕ್ಕನ್ನು ಕಳೆಯಿರಿ. ನೆಲ ಸೋಕುವ ಸೆಕೆಂಡಿನಲ್ಲಿ ಎಷ್ಟು ಡಿಗ್ರಿ ಓರೆ ಇತ್ತು ಅನ್ನುವುದು ಅಲ್ಲೇ ಕಾಣುತ್ತದೆ. ಯಾರ ನೆನಪನ್ನೂ ನಂಬಬೇಕಾಗಿಲ್ಲ. ಕಾರ್ಡ್ ಹೊರತೆಗೆದು ಜೋಪಾನ ಮಾಡುವುದಕ್ಕೂ ಅನುಮತಿ ಕೇಳಿಯೇ ಮಾಡಿ.

ಓರೆಯಾಗಿಯೇ ಇಳಿದಿದ್ದರೆ

ಓರೆ ಮೊದಲೇ ಇತ್ತು ಅಂತಾದರೆ ಯಂತ್ರದ ಕಡೆ ಆಮೇಲೆ ನೋಡಿದರಾಯಿತು. ಮೊದಲು ಗಾಳಿ ಲೆಕ್ಕ ಹಾಕಿ. ಗಾಳಿಯ ವೇಗವನ್ನು, ಗಾಳಿಗೂ ರನ್‌ವೇಗೂ ನಡುವಿನ ಕೋನದ ಸೈನ್‌ನಿಂದ ಗುಣಿಸಿದರೆ ಅಡ್ಡಗಾಳಿ. 20 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಗಾಳಿ 30 ಡಿಗ್ರಿ ಓರೆಯಲ್ಲಿದ್ದರೆ 10 ನಾಟ್, 45 ಡಿಗ್ರಿಯಲ್ಲಿ 14, 60 ಡಿಗ್ರಿಯಲ್ಲಿ 17. 172ರ ಕೈಪಿಡಿ ಹೇಳುವ 15 ನಾಟ್ ಅನ್ನುವುದು ಪರೀಕ್ಷಾ ಪೈಲಟ್ ಮಾಡಿ ತೋರಿಸಿದ ಅಂಕಿ. ಅದು ಕಟ್ಟಪ್ಪಣೆಯ ಮಿತಿ ಅಲ್ಲ, ಹಾಗಂತ ಹೊಸಬರಿಗೆ ಕೊಟ್ಟ ಭರವಸೆಯೂ ಅಲ್ಲ. ಟವರ್ ಹೇಳುವ ಗಾಳಿ ಒಂದು ಜಾಗದಲ್ಲಿ ಅಳೆದ 2 ನಿಮಿಷದ ಸರಾಸರಿ. ಹ್ಯಾಂಗರ್ ಸಾಲು ಮುಗಿದು ಬಯಲು ಶುರುವಾಗುವ ಕಡೆ ಗಾಳಿ ಬೇರೆಯೇ ಇರಬಹುದು. ಸಾಕ್ಷಿಗಳನ್ನು ಕೇಳುವಾಗ ವಿಂಡ್‌ಸಾಕ್ (ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ) ಹೇಗಿತ್ತು ಅಂತ ಕೇಳಿ. ಯಾವ ವಿಂಡ್‌ಸಾಕ್ ಅಂತಲೂ ಕೇಳಿ.

ತ್ರಿಚಕ್ರ ವಿಮಾನದಲ್ಲಿ ತೂಕದ ಕೇಂದ್ರ ಮುಖ್ಯ ಚಕ್ರಗಳಿಗಿಂತ ಮುಂದಿದೆ. ಅದು ಓರೆಯಾಗಿ ಇಳಿದರೆ ಟೈರ್‌ನ ಉಜ್ಜುವಿಕೆ ಮೂತಿಯನ್ನು ಹೋಗುತ್ತಿರುವ ದಾರಿಯತ್ತಲೇ ಎಳೆಯುತ್ತದೆ. ಒಂದು ಜೋರು ಜಗ್ಗು ಬರುತ್ತದೆ, ವಿಮಾನ ತಾನೇ ನೇರವಾಗುತ್ತದೆ. ಗಾಬರಿಯಾದ ಪೈಲಟ್ ಆ ಜಗ್ಗಿಗೆ ಎದುರು ಪೆಡಲ್ ಒತ್ತಿದಾಗ ಎರಡನೇ ತಿರುವು ಹುಟ್ಟುತ್ತದೆ. ಗುರುತುಗಳು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಹಾವಿನಂತೆ ಹರಿದು, ಪ್ರತಿ ಬಾರಿಯೂ ಅಗಲವಾಗುತ್ತಾ ಹೋಗಿದ್ದರೆ ಇದನ್ನೇ ಶಂಕಿಸಿ.

ಬೆಂಗಳೂರಿನ ಜಕ್ಕೂರಿನ ಬಗ್ಗೆ ಇಲ್ಲೊಂದು ಮಾತು. ಅಲ್ಲಿಯ ರನ್‌ವೇ 08/26, ಹೆಚ್ಚುಕಡಿಮೆ ಪೂರ್ವ ಪಶ್ಚಿಮ. ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಬಹುತೇಕ ಪಶ್ಚಿಮದಿಂದ, ರನ್‌ವೇ ಉದ್ದಕ್ಕೇ ಬೀಸುತ್ತದೆ. ಗಾಳಿ ಜೋರಿದ್ದರೂ ಅಡ್ಡಗಾಳಿ ಕಮ್ಮಿ. ಹೀಗೆ ಜೋರು ಗಾಳಿಯಲ್ಲಿ ಕಲಿತವರಿಗೂ ಅಡ್ಡಗಾಳಿಯ ಅಭ್ಯಾಸ ಆಗಿರಬೇಕಂತಿಲ್ಲ. ಪೈಲಟ್‌ನ ಲಾಗ್‌ಬುಕ್ ನೋಡುವಾಗ ಒಟ್ಟು ಗಂಟೆ ನೋಡಿ ಸುಮ್ಮನಾಗಬೇಡಿ. ಯಾವ ಊರಲ್ಲಿ, ಯಾವ ತಿಂಗಳಲ್ಲಿ ಹಾರಿದ್ದಾರೆ ನೋಡಿ.

ಮುಖ್ಯ ಚಕ್ರ ಸೋಕಿದ ಕೂಡಲೇ ಎಳೆದರೆ

ಇಲ್ಲಿ ಮೊದಲ ಶಂಕಿತ ಬ್ರೇಕ್. ಅದು ಎರಡು ರೀತಿ ಕೆಡುತ್ತದೆ. ಹಿಡಿದುಕೊಳ್ಳುತ್ತದೆ ಅಥವಾ ಹಿಡಿಯುವುದೇ ಇಲ್ಲ. ಎಡಬದಿಯ ಬ್ರೇಕ್ ಹಿಡಿದುಕೊಂಡರೆ ವಿಮಾನ ಎಡಕ್ಕೆ ಹೋಗುತ್ತದೆ. ಬಲಬದಿಯ ಬ್ರೇಕ್ ಸತ್ತಿದ್ದು, ಪೈಲಟ್ ಎರಡನ್ನೂ ಸಮನಾಗಿ ಒತ್ತಿದರೂ ಎಡಕ್ಕೇ ಹೋಗುತ್ತದೆ. ಎಡಕ್ಕೆ ಎಳೆಯಿತು ಅಂತ ಬರೀ ಎಡಚಕ್ರ ಬಿಚ್ಚಿ ನೋಡುವವರು ಅರ್ಧ ಕೆಲಸ ಮಾಡಿದ ಹಾಗೆ.

ಈ ಎರಡನ್ನೂ ಬೇರೆ ಮಾಡಲು ಗಳಿಗೆಯೇ ಸಹಾಯ ಮಾಡುತ್ತದೆ. ಕಾಲು ಬ್ರೇಕ್ ಮೇಲೆ ಇಲ್ಲದಾಗಲೇ ಎಳೆದಿದ್ದರೆ ಹಿಡಿದುಕೊಂಡ ಬ್ರೇಕ್. ಒತ್ತಿದ ಮೇಲೆ ಎಳೆದಿದ್ದರೆ ಸತ್ತ ಬ್ರೇಕ್ ಇರಬಹುದು. ಕಾಲು ಎಲ್ಲಿತ್ತು ಅನ್ನುವುದನ್ನೂ ವಿಚಾರಿಸಬೇಕು. ಪೆಡಲ್‌ನ ಕೆಳಭಾಗ ತಳ್ಳಿದರೆ ರಡ್ಡರ್ (ಮೂತಿಯನ್ನು ಎಡಬಲ ತಿರುಗಿಸುವ ಬಾಲದ ಹಲಗೆ), ಮೇಲ್ಭಾಗ ಒತ್ತಿದರೆ ಬ್ರೇಕ್. ಹಿಮ್ಮಡಿ ನೆಲದ ಮೇಲಿಲ್ಲದೆ ಇಡೀ ಪಾದ ಪೆಡಲ್ ಮೇಲೇರಿದ್ದರೆ ರಡ್ಡರ್ ಒತ್ತುವಾಗ ಗೊತ್ತಿಲ್ಲದೆ ಬ್ರೇಕೂ ಬೀಳುತ್ತದೆ. ಪಕ್ಕದಲ್ಲಿ ಕೂತವರ ಕಾಲನ್ನೂ ಮರೆಯಬೇಡಿ. 172ರಲ್ಲಿ ಬಲಗಡೆಯ ಪೆಡಲ್‌ಗಳು ಬ್ರೇಕ್ ದ್ರವ ತಳ್ಳುವ ಎಡಗಡೆಯ ಮಾಸ್ಟರ್ ಸಿಲಿಂಡರ್‌ಗಳಿಗೇ ಜೋಡಿಸಿಕೊಂಡಿವೆ. ಅಲ್ಲಿ ಸಿಕ್ಕಿಕೊಂಡ ಬೂಟು ಇಲ್ಲಿ ಬ್ರೇಕ್ ಹಾಕುತ್ತದೆ.

ಈಗ ಜ್ಯಾಕ್ ಹಾಕಿ ಚಕ್ರ ಎತ್ತಿ. ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು. ಪೆಡಲ್ ಒತ್ತಿ ಬಿಟ್ಟು ಮತ್ತೆ ತಿರುಗಿಸಿ. ಒತ್ತುವ ಮೊದಲು ಸಲೀಸು, ಬಿಟ್ಟ ಮೇಲೆ ಬಿಗಿ ಅಂತಾದರೆ ದೋಷ ಸಿಕ್ಕಿದ ಹಾಗೇ. ಚಕ್ರದ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ತೇಲುವ ಬಗೆಯದು. ಅದು ತನ್ನ ಗೈಡ್ ಪಿನ್‌ಗಳ ಮೇಲೆ ಜಾರಬೇಕು. ತುಕ್ಕು ಅಥವಾ ಒಣಗಿದ ಮಣ್ಣು ಕೂತರೆ ಜಾರುವುದಿಲ್ಲ, ಅದರ ಉಜ್ಜುವ ಪಟ್ಟಿ, ಅಂದರೆ ಲೈನಿಂಗ್, ಡಿಸ್ಕ್‌ಗೆ ಅಂಟಿಕೊಂಡೇ ಇರುತ್ತದೆ. ಡಿಸ್ಕ್ ನೀಲಿಗಟ್ಟಿದ್ದರೆ ಅದು ಕಾದಿದೆ ಅಂತ ಅರ್ಥ. ಕ್ಲೀವ್‌ಲ್ಯಾಂಡ್ ಬ್ರೇಕ್‌ಗಳಲ್ಲಿ ಲೈನಿಂಗ್ 0.100 ಇಂಚಿಗೆ, ಅಂದರೆ ಸುಮಾರು ಎರಡೂವರೆ ಮಿಲಿಮೀಟರಿಗೆ ಸವೆದರೆ ಬದಲಿಸಲೇಬೇಕು. ಎರಡೂ ಬದಿಯ ದಪ್ಪ ಅಳೆದು ಹೋಲಿಸಿ. ಒಂದು ಬದಿ ಮಾತ್ರ ಬೇಗ ಸವೆದಿದ್ದರೆ ಆ ಬದಿ ತಿಂಗಳುಗಳಿಂದ ಸ್ವಲ್ಪ ಸ್ವಲ್ಪ ಹಿಡಿಯುತ್ತಿತ್ತು. ಯಾರೋ ಪೈಲಟ್ "ಟ್ಯಾಕ್ಸಿ ಮಾಡುವಾಗ (ನೆಲದ ಮೇಲೆ ನಿಧಾನಕ್ಕೆ ಓಡಿಸುವಾಗ) ಸ್ವಲ್ಪ ಎಳೆಯುತ್ತೆ" ಅಂತ ಬಾಯಿಮಾತಲ್ಲಿ ಹೇಳಿಯೂ ಇರುತ್ತಾರೆ.

ಮಾಸ್ಟರ್ ಸಿಲಿಂಡರ್‌ನಲ್ಲಿ ಪೆಡಲ್ ಬಿಟ್ಟಾಗ ದ್ರವ ಜಲಾಶಯಕ್ಕೆ ವಾಪಸ್ ಹೋಗಲು ದಾರಿ ಇದೆ. ಕೊಳೆ ಸೇರಿ ಆ ದಾರಿ ಮುಚ್ಚಿದರೆ ಒತ್ತಡ ಒಳಗೇ ಉಳಿಯುತ್ತದೆ. ಉದ್ದ ಟ್ಯಾಕ್ಸಿಯಲ್ಲಿ ಬ್ರೇಕ್ ಕಾದು ದ್ರವ ಹಿಗ್ಗಿದಾಗ ತಾನಾಗಿಯೇ ಹಿಡಿದುಕೊಳ್ಳುತ್ತದೆ. ಹ್ಯಾಂಗರ್‌ನಲ್ಲಿ ತಣ್ಣಗಿರುವಾಗ ಪರೀಕ್ಷೆ ಮಾಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಈ ದೋಷ ಎಷ್ಟೋ ಸಲ ತಪ್ಪಿಸಿಕೊಳ್ಳುವುದು ಹೀಗೆ. ಹಾಗಾಗಿ ಕಾದ ಮೇಲೂ ಪರೀಕ್ಷೆ ಮಾಡಬೇಕು.

ದ್ರವದ ಬಣ್ಣ ನೋಡಿ. ಈ ವಿಮಾನಗಳಿಗೆ ಬೇಕಾದದ್ದು ಕೆಂಪು ಬಣ್ಣದ ಎಂಐಎಲ್-ಎಚ್-5606 ಎಣ್ಣೆ. ಯಾರಾದರೂ ಕಾರಿನ ಬ್ರೇಕ್ ದ್ರವ ಸುರಿದಿದ್ದರೆ ಒಳಗಿನ ರಬ್ಬರ್ ಓ-ರಿಂಗ್‌ಗಳು ಉಬ್ಬಿ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಆಗ ಬರೀ ದ್ರವ ಬದಲಿಸಿದರೆ ಸಾಲದು. ಸೀಲ್‌ಗಳನ್ನೆಲ್ಲ ತೆಗೆದು ಹೊಸದು ಹಾಕಬೇಕು. ಚಕ್ರದ ಒಳಬದಿಯಲ್ಲಿ ಕೆಂಪು ಜಿನುಗಿದ್ದರೆ ಸೋರಿಕೆ. ಪೆಡಲ್ ಮೆತ್ತಗಿದ್ದು, ಎರಡು ಮೂರು ಸಲ ಒತ್ತಿದ ಮೇಲೆ ಗಟ್ಟಿಯಾದರೆ ಪೈಪಿನಲ್ಲಿ ಗಾಳಿ ಸೇರಿದೆ.

ಬ್ರೇಕ್ ಚೆನ್ನಾಗಿದ್ದರೆ ಟೈರ್ ಒತ್ತಡ ಅಳೆಯಿರಿ, ಬೇರಿಂಗ್ ನೋಡಿ. 172ಎಸ್ ಮಾದರಿಗೆ ಮುಖ್ಯ ಟೈರ್ 42 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಮುಂದಿನದು 45. ಹಳೆಯ 172ಎನ್‌ಗೆ 29 ಮತ್ತು 31. ಒಂದೇ ಶಾಲೆಯಲ್ಲಿ ಎರಡೂ ಮಾದರಿ ಇದ್ದರೆ ಅದರ ಅಂಕಿ ಇದಕ್ಕೆ ಹೋಗುವುದು ಸುಲಭ. ಎಡ ಬಲ ಒತ್ತಡ ಸಮ ಇಲ್ಲದಿದ್ದರೆ ಕಡಿಮೆ ಇರುವ ಕಡೆಗೆ ಎಳೆತ.

ಮುಂದಿನ ಚಕ್ರ ಇಳಿದಾಗ ತಿರುಗಿದರೆ

ಇದು ವಿಮಾನದಿಂದ ವಿಮಾನಕ್ಕೆ ಬೇರೆ. ಪೈಪರ್ ಪಿಎ-28ರಲ್ಲಿ ಪೆಡಲ್‌ಗೂ ಮುಂದಿನ ಚಕ್ರಕ್ಕೂ ನೇರ ಸರಳಿನ ಜೋಡಣೆ. ಅಡ್ಡಗಾಳಿಗೆ ರಡ್ಡರ್ ಒತ್ತಿ ಹಿಡಿದಿದ್ದರೆ ಚಕ್ರವೂ ಅಷ್ಟೇ ತಿರುಗಿರುತ್ತದೆ. ಹಾಗೇ ನೆಲ ಸೋಕಿಸಿದರೆ ವಿಮಾನ ಪಕ್ಕಕ್ಕೆ ನೆಗೆಯುತ್ತದೆ. ಯಂತ್ರ ಸರಿಯಾಗೇ ಇದೆ. ಚಕ್ರ ಇಳಿಯುವ ಹೊತ್ತಿಗೆ ಪೆಡಲ್ ನೇರಕ್ಕೆ ತರಬೇಕು ಅಂತ ಕಲಿಸಿಲ್ಲ.

172ರಲ್ಲಿ ನಡುವೆ ಸ್ಪ್ರಿಂಗ್ ಇರುವ ಜೋಡಣೆ. ಗಾಳಿಯಲ್ಲಿ ಸ್ಟ್ರಟ್ (ಮುಂದಿನ ಚಕ್ರದ ಕುಗ್ಗುವ ಕಾಲು) ಪೂರ್ತಿ ಉದ್ದವಾದಾಗ ಚಕ್ರ ನಡುಮಧ್ಯಕ್ಕೆ ಬಂದು ಕೂರುತ್ತದೆ. ನೆಲ ಸೋಕಿ ಸ್ಟ್ರಟ್ ಕುಗ್ಗಿದ ಮೇಲೆ ಪೆಡಲ್ ಮಾತು ಕೇಳುತ್ತದೆ. ಪೆಡಲ್‌ನಿಂದ ಸುಮಾರು 10 ಡಿಗ್ರಿ, ಬ್ರೇಕ್ ಸಹಾಯದಿಂದ 30 ಡಿಗ್ರಿವರೆಗೆ ತಿರುಗುತ್ತದೆ. ಇಲ್ಲಿ ಒಂದು ಸೂಕ್ಷ್ಮ ದೋಷ ಇದೆ. ಸ್ಟ್ರಟ್‌ಗೆ ಗಾಳಿ ಜಾಸ್ತಿ ತುಂಬಿದ್ದರೆ, ಅಥವಾ ಅದು ಒಣಗಿ ಸಿಕ್ಕಿಕೊಂಡಿದ್ದರೆ, ನೆಲದ ಮೇಲೂ ಕುಗ್ಗುವುದಿಲ್ಲ. ಚಕ್ರ ನಡುಮಧ್ಯಕ್ಕೇ ಕಚ್ಚಿಕೊಂಡಿರುತ್ತದೆ. ಪೈಲಟ್ ಪೆಡಲ್ ಒತ್ತಿದ್ದು ನಿಜ, ವಿಮಾನ ಕೇಳದೇ ಇದ್ದದ್ದೂ ನಿಜ. ಹಿಂದೆ ಭಾರ, ಮುಂದೆ ಇಬ್ಬರೇ ಹಗುರ ಜನ ಇದ್ದಾಗ ಇದು ಇನ್ನೂ ಜಾಸ್ತಿ. ನಿಂತ ವಿಮಾನದಲ್ಲಿ ಸ್ಟ್ರಟ್ ಎಷ್ಟು ಇಂಚು ಹೊರಗೆ ಕಾಣುತ್ತಿದೆ ಅಳೆದು ಕೈಪಿಡಿಗೆ ಹೋಲಿಸಿ.

ಡೈಮಂಡ್ ಡಿಎ40, ಸಿರಸ್ ವಿಮಾನಗಳಲ್ಲಿ ಮುಂದಿನ ಚಕ್ರಕ್ಕೆ ಪೆಡಲ್ ಜೋಡಣೆಯೇ ಇಲ್ಲ. ಅದು ಸ್ವತಂತ್ರವಾಗಿ ತಿರುಗುತ್ತದೆ. ವೇಗದಲ್ಲಿ ರಡ್ಡರ್, ನಿಧಾನದಲ್ಲಿ ಒಂದೊಂದು ಬದಿಯ ಬ್ರೇಕ್. ಅಲ್ಲಿ ಒಂದು ಬ್ರೇಕ್ ಕೆಟ್ಟರೆ ದಿಕ್ಕು ಹಿಡಿಯುವ ದಾರಿಯೇ ಅರ್ಧ ಹೋದಂತೆ.

ನಡುಕ ಬಂದಿತ್ತಾ ಅಂತ ಕೇಳಿ. ಚಕ್ರ ಎಡಬಲ ಅದುರುವುದಕ್ಕೆ ಶಿಮ್ಮಿ ಅನ್ನುತ್ತಾರೆ. ನಡುಕ ತಡೆಯುವ ಡ್ಯಾಂಪರ್‌ನಲ್ಲಿ ಎಣ್ಣೆ ಕಮ್ಮಿ, ಟಾರ್ಕ್ ಲಿಂಕ್ (ಚಕ್ರವನ್ನು ದಿಕ್ಕಿನಲ್ಲಿ ಹಿಡಿದಿಡುವ ಕತ್ತರಿಯಂಥ ಕೊಂಡಿ) ಬುಶ್ ಸವೆತ, ಟೈರ್ ಸಮತೋಲ ತಪ್ಪಿರುವುದು, ಇವು ಕಾರಣ. ಬರೀ ನಡುಕದಿಂದ ವಿಮಾನ ರನ್‌ವೇ ಬಿಟ್ಟು ಹೋಗುವುದು ಅಪರೂಪ. ಆದರೆ ನಡುಕವನ್ನು ಬಹಳ ದಿನ ಬಿಟ್ಟರೆ ಟಾರ್ಕ್ ಲಿಂಕ್ ಬೋಲ್ಟ್ ಮುರಿಯುತ್ತದೆ, ಆಮೇಲೆ ಚಕ್ರ ಮನಸ್ಸಿಗೆ ಬಂದ ಕಡೆ ತಿರುಗುತ್ತದೆ. ಹ್ಯಾಂಗರ್‌ನಲ್ಲಿ ಮೂತಿ ಎತ್ತಿ ನಿಲ್ಲಿಸಿ ಚಕ್ರವನ್ನು ಕೈಯಲ್ಲಿ ಎಡಬಲ ಅಲ್ಲಾಡಿಸಿ. ಆಟ ಎಷ್ಟಿದೆ, ಎಲ್ಲಿಂದ ಬರುತ್ತಿದೆ ಅಂತ ಬೆರಳಿಟ್ಟು ನೋಡಿದರೆ ಗೊತ್ತಾಗುತ್ತದೆ.

ಇನ್ನು ವೇಗ. 172ಎಸ್ ಪೂರ್ತಿ ಫ್ಲಾಪ್‌ನಲ್ಲಿ 60ರಿಂದ 70 ನಾಟ್‌ನಲ್ಲಿ ಬರಬೇಕು. 60ರ ಬದಲು 70ಕ್ಕೆ ಬಂದರೇ ಚಲನಶಕ್ತಿ ಶೇಕಡಾ 36 ಜಾಸ್ತಿ. 75 ಅಥವಾ 80ಕ್ಕೆ ಬಂದು, ತೇಲುತ್ತಿರುವ ವಿಮಾನವನ್ನು ಯೋಕ್ (ಕೈಯಲ್ಲಿ ಹಿಡಿಯುವ ಚುಕ್ಕಾಣಿ) ಮುಂದಕ್ಕೆ ತಳ್ಳಿ ಬಲವಂತವಾಗಿ ಕೂರಿಸಿದರೆ ತೂಕ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಮುಖ್ಯ ಚಕ್ರಗಳು ನೆಲವನ್ನು ಸುಮ್ನೆ ಸವರುತ್ತಿರುತ್ತವೆ. ಆಗ ಬ್ರೇಕ್ ಕೆಲಸ ಮಾಡಲ್ಲ, ವಿಮಾನ ಮೂತಿಯನ್ನೇ ಕೀಲು ಮಾಡಿಕೊಂಡು ಸುತ್ತುತ್ತದೆ. ಪೈಲಟ್ "ಬ್ರೇಕ್ ಹಿಡಿಯಲೇ ಇಲ್ಲ" ಅನ್ನುತ್ತಾರೆ. ಅದು ಸುಳ್ಳಲ್ಲ. ಟೈರ್ ಮೇಲೆ ತೂಕ ಇರಲಿಲ್ಲ.

ಥ್ರಾಟಲ್ ತಳ್ಳಿದಾಗ

ಪುಟಿಯಿತು, ಗಾಬರಿಯಾಗಿ ಪೂರ್ತಿ ಶಕ್ತಿ ಕೊಟ್ಟರು, ವಿಮಾನ ಎಡಕ್ಕೆ ಹೋಯಿತು. ಇಂಥ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾದ ಲೈಕಮಿಂಗ್, ಕಾಂಟಿನೆಂಟಲ್ ಎಂಜಿನ್‌ಗಳಲ್ಲಿ ಕಡಿಮೆ ವೇಗ, ಮೇಲೆದ್ದ ಮೂತಿ, ಪೂರ್ತಿ ಶಕ್ತಿ ಸೇರಿದರೆ ಮೂತಿ ಎಡಕ್ಕೆ ಎಳೆಯುತ್ತದೆ. ಬಲಗಾಲು ಬೇಕೇ ಬೇಕು. ಹಳೆಯ ಬ್ರಿಟಿಷ್ ತರಬೇತಿ ವಿಮಾನ ಟೈಗರ್ ಮಾತ್‌ನ ಜಿಪ್ಸಿ ಮೇಜರ್ ಎಂಜಿನ್ ತಿರುಗುವುದು ಎದುರು ದಿಕ್ಕಿಗೆ, ಅಲ್ಲಿ ಎಳೆತ ಬಲಕ್ಕೆ. ಥ್ರಾಟಲ್ ಮುಂದಿದೆ, ಪ್ರೊಪೆಲ್ಲರ್‌ನ ಎಲೆಗಳು ತಿರುಚಿಕೊಂಡಿವೆ, ಬ್ರೇಕ್ ಗುರುತಿಲ್ಲ, ವಿಮಾನ ಎಡಬದಿಯಲ್ಲಿದೆ ಅಂತಾದರೆ ಇದನ್ನೇ ಮೊದಲು ನೋಡಿ.

ವೇಗ ಇಳಿದ ಮೇಲೆ, ಮತ್ತು ಬಾಲಚಕ್ರದ ವಿಮಾನಗಳು

ಎಲ್ಲ ಸರಿಯಾಯಿತು ಅಂತ ಉಸಿರು ಬಿಡುವ ಹೊತ್ತಿಗೆ ತಿರುಗುವುದುಂಟು. ರಡ್ಡರ್‌ನ ಬಲ ವೇಗದ ವರ್ಗದಂತೆ ಕಡಿಮೆಯಾಗುತ್ತದೆ. ವೇಗ ಅರ್ಧವಾದರೆ ಬಲ ಕಾಲುಭಾಗ. ಗಾಳಿ ಮಾತ್ರ ಅಷ್ಟೇ ಇದೆ. ಹಿಂದಿನ ಲಂಬ ರೆಕ್ಕೆಯನ್ನು ಅದು ತಳ್ಳುತ್ತದೆ, ಮೂತಿ ಗಾಳಿ ಬರುವ ಕಡೆ ತಿರುಗುತ್ತದೆ. ನೆಲ ಸೋಕಿದ ಮೇಲೆ ಏಲೆರಾನ್ (ರೆಕ್ಕೆಯನ್ನು ಏರಿಳಿಸುವ ತುದಿಯ ಹಲಗೆ) ಸಡಿಲ ಬಿಟ್ಟಿದ್ದರೆ ಗಾಳಿ ಕಡೆಯ ರೆಕ್ಕೆಯೂ ಏಳುತ್ತದೆ. ಒಂದು ಒಳ್ಳೆಯ ಸುಳಿವು ಇಲ್ಲಿದೆ: ಗಾಳಿಯ ಕಡೆಗೆ ತಿರುಗಿದ್ದರೆ ಗಾಳಿ ಮತ್ತು ಕೈಕಾಲು ಮೊದಲು ನೋಡಿ, ಗಾಳಿಗೆ ಬೆನ್ನು ಮಾಡಿ ತಿರುಗಿದ್ದರೆ ಯಂತ್ರ ಮೊದಲು ನೋಡಿ. ಇದು ತೀರ್ಪಲ್ಲ. ಎಲ್ಲಿಂದ ಶುರುಮಾಡಬೇಕು ಅನ್ನುವುದಕ್ಕೆ ಮಾತ್ರ.

ಬಾಲಚಕ್ರದ ವಿಮಾನದಲ್ಲಿ ಲೆಕ್ಕ ಪೂರಾ ತಿರುಗುಮುರುಗು. ತೂಕದ ಕೇಂದ್ರ ಮುಖ್ಯ ಚಕ್ರಗಳ ಹಿಂದಿದೆ. ಟ್ರೈಲರ್ ಕಟ್ಟಿದ ಟ್ರಾಕ್ಟರನ್ನು ಹಿಂದಕ್ಕೆ ಬಿಟ್ಟ ಹಾಗೆ, ಚೂರು ಓರೆಯಾದರೂ ಅದು ತಾನೇ ಬೆಳೆಯುತ್ತದೆ. ಒಂದು ಹಂತ ದಾಟಿದ ಮೇಲೆ ರಡ್ಡರ್‌ಗೂ ಬ್ರೇಕ್‌ಗೂ ಬಗ್ಗುವುದಿಲ್ಲ. ವಿಮಾನ ಗಿರ್ರನೆ ಸುತ್ತಿ, ಹೊರಗಿನ ರೆಕ್ಕೆ ನೆಲಕ್ಕೆ ಬಡಿದು, ಒಮ್ಮೊಮ್ಮೆ ಕಾಲು ಮುರಿದುಕೊಂಡು ನಿಲ್ಲುತ್ತದೆ. ಇದೇ ಗ್ರೌಂಡ್ ಲೂಪ್. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ 1958ರಲ್ಲಿ ಮೊದಲು ಹಾರಿದ ಪುಷ್ಪಕ್ ಇಂಥದ್ದೇ. ಎರಡು ಸೀಟು, 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್, ಬಟ್ಟೆ ಹೊದಿಕೆ, ಹಿಂದೊಂದು ಪುಟ್ಟ ಚಕ್ರ. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಜನ ಅದರಲ್ಲೇ ಕಲಿತರು. ವಿಮಾನ ಪೂರ್ತಿ ನಿಲ್ಲುವವರೆಗೂ ಪೆಡಲ್ ಮೇಲೆ ಕಾಲು ಜೀವಂತವಾಗಿ ಇರಬೇಕು ಅನ್ನುವ ಪಾಠವನ್ನು ಇಂಥ ವಿಮಾನ ಕಲಿಸುವಷ್ಟು ಚೆನ್ನಾಗಿ ಬೇರೆ ಯಾವುದೂ ಕಲಿಸದು ಅಂತ ನನ್ನ ನಂಬಿಕೆ.

ಇಂಥ ವಿಮಾನ ಸುತ್ತಿದಾಗ ಹಿಂದಿನ ಚಕ್ರ ಮೊದಲು ನೋಡಿ. ಸ್ಟೀರಿಂಗ್ ಸ್ಪ್ರಿಂಗ್‌ಗಳು ಎರಡೂ ಬದಿ ಒಂದೇ ಬಿಗಿ ಇದೆಯಾ? ಸರಪಳಿ ಜೋತುಬಿದ್ದಿದೆಯಾ? ಸ್ಕಾಟ್ ಬಗೆಯ ಚಕ್ರ ಒಂದು ಕೋನ ದಾಟಿದರೆ ಕೊಂಡಿ ಕಳಚಿಕೊಂಡು ಪೂರ್ತಿ ಸ್ವತಂತ್ರವಾಗಿ ತಿರುಗುತ್ತದೆ. ಒಳಗಿನ ಕಚ್ಚು ಸವೆದರೆ ಬೇಡದ ಹೊತ್ತಿಗೇ ಕಳಚುತ್ತದೆ. ಎಲೆ ಸ್ಪ್ರಿಂಗ್ ಕುಸಿದಿದ್ದರೆ ಕಿಂಗ್‌ಪಿನ್ (ಆ ಚಕ್ರ ಎಡಬಲ ತಿರುಗುವ ಅಚ್ಚು) ಓರೆ ಬದಲಾಗಿ ನಡುಕ ಶುರು. ಆಮೇಲೆ ಮುಖ್ಯ ಚಕ್ರಗಳ ಜೋಡಣೆ ಅಳೆಯಿರಿ. ಗ್ರೀಸ್ ಹಚ್ಚಿದ ಎರಡು ತಗಡನ್ನು ಒಂದರ ಮೇಲೊಂದಿಟ್ಟು ಚಕ್ರದಡಿ ಇಟ್ಟರೆ ಕಾಲು ತಾನೇ ಸಹಜ ಸ್ಥಿತಿಗೆ ಬರುತ್ತದೆ, ಆಗ ಅಳೆದದ್ದೇ ಸರಿ.

ಒದ್ದೆ ರನ್‌ವೇ

ನಿಂತ ನೀರಿನ ಮೇಲೆ ಟೈರ್ ತೇಲುವ ವೇಗಕ್ಕೆ ನಾಸಾದ 1960ರ ದಶಕದ ಸಂಶೋಧನೆಯಿಂದ ಬಂದ ಸರಳ ಸೂತ್ರ ಇದೆ. ಟೈರ್ ಒತ್ತಡದ ವರ್ಗಮೂಲವನ್ನು 9ರಿಂದ ಗುಣಿಸಿದರೆ ನಾಟ್‌ನಲ್ಲಿ ಉತ್ತರ. 42 ಪಿಎಸ್‌ಐಗೆ 58 ನಾಟ್. 29 ಪಿಎಸ್‌ಐಗೆ ಬರೀ 48. ಇನ್ನೂ ಉರುಳದ ಚಕ್ರಕ್ಕೆ 9ರ ಬದಲು 7.7. ಆಗ 42 ಪಿಎಸ್‌ಐಗೂ 50 ನಾಟ್ ಅಷ್ಟೇ. ಇದು 172 ನೆಲ ಸೋಕುವ ವೇಗದ ಆಸುಪಾಸಿನಲ್ಲೇ ಇದೆ. ಗಾಳಿ ಕಮ್ಮಿಯಾದ ಟೈರ್, ನೀರು ನಿಂತ ರನ್‌ವೇ, ಸ್ವಲ್ಪ ಅಡ್ಡಗಾಳಿ ಸೇರಿದರೆ ಯಾವೊಂದು ದೋಷವೂ ದೊಡ್ಡದಿರಬೇಕಾಗಿಲ್ಲ.

ಮುರಿದದ್ದು ಕಾರಣವೋ, ಪರಿಣಾಮವೋ

ಹೆಚ್ಚಿನ ವಾದ ನಡೆಯುವುದು ಇಲ್ಲೇ. 1937ರ ಮಾರ್ಚ್ 20ರಂದು ಹವಾಯಿಯ ಲ್ಯೂಕ್ ಫೀಲ್ಡ್‌ನಲ್ಲಿ ಅಮೆರಿಕದ ಪೈಲಟ್ ಅಮೀಲಿಯಾ ಇಯರ್‌ಹಾರ್ಟ್ ಅವರ ಲಾಕ್‌ಹೀಡ್ ಎಲೆಕ್ಟ್ರಾ ಮೇಲೇರಲು ಓಡುವಾಗ ಪಕ್ಕಕ್ಕೆ ತಿರುಗಿ ಗ್ರೌಂಡ್ ಲೂಪ್ ಆಯಿತು. ವಿಮಾನದ ಕಾಲುಗಳು ಕುಸಿದವು. ಬಲಗಡೆಯ ಟೈರ್ ಸಿಡಿಯಿತು ಅಂತ ಕೆಲವರು. ಎರಡು ಎಂಜಿನ್‌ಗಳ ಥ್ರಾಟಲ್ ಹಿಂದೆ ಮುಂದೆ ಮಾಡಿ ದಿಕ್ಕು ಹಿಡಿಯಲು ಹೋಗಿದ್ದೇ ಕಾರಣ ಅಂತ ಅವರ ಸಲಹೆಗಾರ ಪಾಲ್ ಮ್ಯಾಂಟ್ಜ್. ಅದು ಇಳಿಯುವಾಗಿನ ಅಪಘಾತ ಅಲ್ಲ, ಆದರೂ ಪ್ರಶ್ನೆ ಅದೇ: ಟೈರ್ ಸಿಡಿದು ತಿರುಗಿತೋ, ತಿರುಗಿ ಟೈರ್ ಸಿಡಿಯಿತೋ? ವಿಮಾನ ಬರ್‌ಬ್ಯಾಂಕ್‌ನ ಕಾರ್ಖಾನೆಗೆ ಹಡಗಿನಲ್ಲಿ ವಾಪಸ್ ಹೋಯಿತು, ವಾದ ಮಾತ್ರ ಇವತ್ತಿಗೂ ಮುಗಿದಿಲ್ಲ.

ನಮ್ಮ ವಿಮಾನದಲ್ಲಿ ಇದನ್ನು ಬಿಡಿಸಲು ಕೆಲವು ದಾರಿಗಳಿವೆ. ರಿಮ್ ಮತ್ತು ಟೈರ್ ಅಂಚಿನ ನಡುವೆ ಹುಲ್ಲು, ಮಣ್ಣು ಸಿಕ್ಕಿಕೊಂಡಿದ್ದರೆ ಪಕ್ಕಕ್ಕೆ ಜಾರುವಾಗ ಟೈರ್ ಕಳಚಿ ಗಾಳಿ ಹೋಗಿದೆ, ಅದು ಪರಿಣಾಮ. ಚಪ್ಪಟೆ ಸವೆತದ ನಟ್ಟನಡುವೆ ತೂತಾಗಿದ್ದರೆ ಚಕ್ರ ಮೊದಲು ಬಿಗಿದಿದೆ, ಅಲ್ಲಿಂದ ಬ್ರೇಕ್‌ಗೆ ಹೋಗಿ. ಮುರಿದ ಬೋಲ್ಟ್‌ನ ಮುಖ ಭೂತಗನ್ನಡಿಯಲ್ಲಿ ನೋಡಿ. ಪೂರಾ ಹೊಳೆಯುತ್ತಿದ್ದರೆ ಈಗಷ್ಟೇ ಮುರಿದಿದೆ. ಒಂದು ಭಾಗ ತುಕ್ಕು ಹಿಡಿದು ಅಲೆಯಂಥ ಗೆರೆಗಳಿದ್ದು, ಉಳಿದದ್ದು ಹೊಸದಾಗಿದ್ದರೆ ಬಿರುಕು ಹಳೆಯದು. ಮುರಿದ ಎರಡು ತುಂಡನ್ನು ಜೋಡಿಸಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ದಯವಿಟ್ಟು ಜೋಡಿಸಬೇಡಿ. ಮುಖಗಳು ಉಜ್ಜಿಕೊಂಡರೆ ಸಾಕ್ಷಿ ಹೋಯಿತು.

ಪೈಲಟ್ ಜೊತೆ ಮಾತು

ಒಬ್ಬರೇ ಕೂತು, ನೀರು ಕೊಟ್ಟು, ನಿಧಾನವಾಗಿ ಕೇಳಿ. ಕೈ ನಡುಗುತ್ತಿರುವ ಇಪ್ಪತ್ತರ ವಯಸ್ಸಿನ ವಿದ್ಯಾರ್ಥಿಯನ್ನು ಎಲ್ಲರ ಮುಂದೆ "ಏನು ಮಾಡಿದೆ" ಅಂತ ಕೇಳಿದರೆ ಬರುವುದು ಉತ್ತರ ಅಲ್ಲ, ಸಮರ್ಥನೆ. ಕಣ್ಣು ಎಲ್ಲಿತ್ತು, ರನ್‌ವೇ ಕೊನೆಯಲ್ಲಾ ಮೂತಿಯ ಮುಂದೆಯಾ? ಹಿಮ್ಮಡಿ ಎಲ್ಲಿತ್ತು? ಮೊದಲು ಏನು ಅನ್ನಿಸಿತು, ಜಗ್ಗಾ, ನಡುಕವಾ, ಸದ್ದಾ? ಪೆಡಲ್ ಕೊನೆಯವರೆಗೆ ಹೋಯಿತಾ, ಗಟ್ಟಿ ಇತ್ತಾ? ಇದಕ್ಕೂ ಮುಂಚೆ ಬೆಳಗ್ಗೆ ಟ್ಯಾಕ್ಸಿ ಮಾಡುವಾಗ ಹೇಗಿತ್ತು? ಕೊನೆಯ ಪ್ರಶ್ನೆಯನ್ನು ಆ ವಾರ ಅದೇ ವಿಮಾನ ಹಾರಿಸಿದ ಎಲ್ಲರಿಗೂ ಕೇಳಿ. "ನನಗೂ ಎಡಕ್ಕೆ ಎಳೆಯಿತು" ಅನ್ನುವವರು ಒಬ್ಬರಿಗಿಂತ ಜಾಸ್ತಿ ಸಿಕ್ಕರೆ, ಯಾರೂ ಬರೆದಿಡದ ದೋಷ ಅಲ್ಲಿದೆ. ಅಪಘಾತದ ವರದಿಗಳಲ್ಲಿ "ಪೈಲಟ್ ದಿಕ್ಕು ಹಿಡಿದಿಡಲು ವಿಫಲ" ಅನ್ನುವ ಸಾಲು ಮತ್ತೆ ಮತ್ತೆ ಬರುತ್ತದೆ. ಬಹಳ ಸಲ ಅದು ನಿಜ. ಆದರೆ ಬೇರೆಲ್ಲ ಬಾಗಿಲು ತೆರೆದು ನೋಡಿದ ಮೇಲೆ ಆ ಸಾಲು ಬರೆದರೆ ಮಾತ್ರ ಆ ಪೈಲಟ್‌ಗೆ ನ್ಯಾಯ ಸಿಕ್ಕ ಹಾಗೆ.

ಮತ್ತೆ ಹಾರುವ ಮೊದಲು

ಪ್ರೊಪೆಲ್ಲರ್ ನೆಲಕ್ಕೆ ತಾಗಿದ್ದರೆ ಬಾಗಿದ ಎಲೆ ನೆಟ್ಟಗೆ ಮಾಡಿ ಹಾರಿಸುವ ಮಾತೇ ಇಲ್ಲ. ಎಂಜಿನ್ ಒಳಗಿನ ಕ್ರ್ಯಾಂಕ್‌ಶಾಫ್ಟ್‌ಗೂ ಪೆಟ್ಟು ಬಿದ್ದಿರುತ್ತದೆ. ಲೈಕಮಿಂಗ್ ಎಂಜಿನ್ ಆದರೆ ಕ್ರ್ಯಾಂಕ್‌ಶಾಫ್ಟ್ ಹಿಂದಿನ ಗೇರ್, ಅದರ ಬೋಲ್ಟ್ ಮತ್ತು ಡವೆಲ್ (ಜೋಡಣೆಯ ಪಿನ್) ತಪಾಸಣೆ ಕಡ್ಡಾಯ. ಮೂತಿಯ ಕಾಲಿಗೆ ಪೆಟ್ಟಾಗಿದ್ದರೆ ಫೈರ್‌ವಾಲ್ (ಎಂಜಿನ್ ಹಿಂದಿನ ಗೋಡೆ) ತಗಡಿನಲ್ಲಿ ಸುಕ್ಕು ಹುಡುಕಿ. ಕೌಲಿಂಗ್ (ಎಂಜಿನ್ ಮುಚ್ಚಳ) ತೆಗೆದು ಒಳಗಿನಿಂದಲೂ ನೋಡಬೇಕು. ರೆಕ್ಕೆಯ ತುದಿ ಬಡಿದಿದ್ದರೆ ಪೆಟ್ಟು ತುದಿಯಲ್ಲೇ ನಿಲ್ಲುವುದಿಲ್ಲ. ಸ್ಪಾರ್ (ರೆಕ್ಕೆಯೊಳಗಿನ ತೊಲೆ) ಜೋಡಣೆ, ರೆಕ್ಕೆಗೆ ಆಸರೆಯಾದ ಸ್ಟ್ರಟ್‌ನ ಬೋಲ್ಟ್, ಏಲೆರಾನ್ ಹಿಂಜ್‌ವರೆಗೂ ಹೋಗಿ. ರಡ್ಡರ್ ಕೇಬಲ್ ಬಿಗಿ ಅಳೆದು, ರಡ್ಡರ್ ಎರಡೂ ಕಡೆ ಪೂರ್ತಿ ಹೋಗುತ್ತಿದೆಯಾ ಅಂತ ಕೋನಮಾಪಕದಲ್ಲಿ ನೋಡಿ.

ಆಮೇಲೆ ಟ್ಯಾಕ್ಸಿ ಪರೀಕ್ಷೆ. ಗಾಳಿ ಇಲ್ಲದ ಬೆಳಗ್ಗೆ ಆದರೆ ಒಳ್ಳೆಯದು. ನಡೆಯುವ ವೇಗದಲ್ಲಿ ಪೆಡಲ್‌ನಿಂದ ಕಾಲು ಸಡಿಲಿಸಿ ಎಳೆತ ಇದೆಯಾ ನೋಡಿ. ಅದೇ ದಾರಿಯಲ್ಲಿ ತಿರುಗಿ ಎದುರು ದಿಕ್ಕಿಗೂ ಮಾಡಿ. ನೆಲದ ಇಳಿಜಾರೋ ವಿಮಾನದ ದೋಷವೋ ಅನ್ನುವುದು ಆಗ ಗೊತ್ತಾಗುತ್ತದೆ. ಎಡ ಬ್ರೇಕ್ ಒಂದೇ, ಬಲ ಬ್ರೇಕ್ ಒಂದೇ, ಆಮೇಲೆ ಎರಡೂ. ಬ್ರೇಕ್ ಬಿಸಿಯಾದ ಮೇಲೆ ಇಷ್ಟನ್ನೂ ಮತ್ತೊಮ್ಮೆ ಮಾಡಿ. ಸರಿಯಿದ್ದರೆ ವೇಗ ಹೆಚ್ಚಿಸಿ, ಅನುಭವಿ ಪೈಲಟ್ ಕೈಯಲ್ಲಿ. ಸಿಕ್ಕ ದೋಷ, ಅಳೆದ ಅಂಕಿ, ಬದಲಿಸಿದ ಭಾಗ ಎಲ್ಲವನ್ನೂ ಲಾಗ್‌ಬುಕ್‌ನಲ್ಲಿ ಬರೆಯಿರಿ. ದೋಷ ಸಿಗದೇ ಹೋದರೆ ಏನೇನು ನೋಡಿದಿರಿ, ಎಷ್ಟು ಅಳತೆ ಬಂತು ಅಂತಲೂ ಬರೆಯಿರಿ. ಮುಂದಿನ ಸಲ "ಸ್ವಲ್ಪ ಎಳೆಯುತ್ತೆ" ಅಂತ ಯಾರಾದರೂ ಹೇಳಿದಾಗ ಹೋಲಿಸಲು ಆ ಅಂಕಿಗಳೇ ಬೇಕಾಗುತ್ತವೆ.